ಅಥೇನೆಯ ಹಳೆಸಾಮಾನಿನ ಪೇಟೆಯಲ್ಲಿ ಒಂದು ಭೋಜನಶಾಲೆ

ಪರದೇಶಗಳಿಗೆ ಹೋಗಿಬಂದವರು ಅಲ್ಲಿಯ ಅರಮನೆಗಳನ್ನೂ ದೇವಾಲಯಗಳನ್ನೂ ವರ್ಣಿಸುವುದು ವಾಡಿಕೆ. ಆದರೆ ಒಂದು ನಾಡಿನ ಚರಿತ್ರೆಯು ಅದರ ಅಡಿಗೆಮನೆಯಲ್ಲಿಯೂ ಅಡಗಿರುವುದುಂಟು. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಗ್ರೀಸ್ ದೇಶದ ರಾಜಧಾನಿಯಾದ ಅಥೇನೆಯಲ್ಲಿ ಇದನ್ನು ಪ್ರತ್ಯಕ್ಷವಾಗಿ ಕಂಡೆವು.

ಆ ಪಟ್ಟಣದ ಅಕ್ರೋಪೊಲಿಸ್ ಗುಡ್ಡದ ಉತ್ತರಕ್ಕೆ ಮೊನಸ್ತಿರಾಕಿ ಎಂಬ ಪೇಟೆಯಿದೆ. ಚಿಕ್ಕ ಮಠವೆಂದು ಆ ಹೆಸರಿನ ಅರ್ಥ. ಅಲ್ಲಿಯ ಚೌಕದಲ್ಲಿ ನಿಂತವರಿಗೆ ಒಂದು ಪುರಾತನ ದೇವಾಲಯವೂ, ತುರ್ಕರ ಆಳಿಕೆಯಲ್ಲಿ 1759ರಲ್ಲಿ ಕಟ್ಟಿದ ಮಸೀದಿಯೂ, ರೋಮ್ ಚಕ್ರವರ್ತಿ ಹೇಡ್ರಿಯನನ ಪುಸ್ತಕಭಂಡಾರದ ಕಂಬಗಳೂ ಸಮೀಪದಲ್ಲಿಯೇ ಕಾಣಿಸುತ್ತವೆ. ಚೌಕದಿಂದ ಮುಂದೆ ಹಳೆಸಾಮಾನಿನ ಬೀದಿಗಳು. ಆದಿತ್ಯವಾರ ಅಲ್ಲಿ ಜನಸಂದಣಿ ಹೇಳತೀರದು. ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ, ಹಿತ್ತಾಳೆಯ ದೀಪ, ಯಾರದೋ ಮದುವೆಯ ಭಾವಚಿತ್ರ, ಇವೆಲ್ಲಕ್ಕೂ ಅಲ್ಲಿ ಬೆಲೆಯುಂಟು.

ಆ ಬೀದಿಗಳೊಂದರ ಮೂಲೆಯಲ್ಲಿ ನಾವು ಊಟಕ್ಕೆ ಕುಳಿತ ಭೋಜನಶಾಲೆಯಿತ್ತು. ನೀಲಿ ಬಾಗಿಲು, ಹಸುರು ಕಿಟಕಿ, ಒಂದರಂತೆ ಒಂದಿಲ್ಲದ ಬಣ್ಣಬಣ್ಣದ ಕುರ್ಚಿಗಳು, ಚೌಕುಳಿಯ ಮೇಜುವಸ್ತ್ರಗಳು, ಗೋಡೆಯ ತುಂಬ ಚಿತ್ರದ ತಟ್ಟೆಗಳು. ನಡುವೆ ಮಸಿಹಿಡಿದ ತಾಮ್ರದ ಬಾಣಲೆಯೊಂದು ತೂಗುತ್ತಿತ್ತು. ಸಂತೆಯ ಗಿರಾಕಿಗಳು ಅದರ ಬೆಲೆಯನ್ನು ಕೇಳುವುದುಂಟಂತೆ. ಅದು ಮಾರಾಟಕ್ಕಲ್ಲವೆಂದು ಮನೆಯೊಡತಿಯಾದ ವೃದ್ಧೆಯ ಉತ್ತರ. ಇಂಗ್ಲಿಷು ಬಲ್ಲ ಮೊಮ್ಮಗಳ ಬಾಯಿಂದ ಅದರ ಕಾರಣವನ್ನು ನಾವು ತಿಳಿದೆವು.

ವೃದ್ಧೆಯ ಅಜ್ಜಿ ಸ್ಮುರ್ನ ಪಟ್ಟಣದವಳು. ವೇದಪುಸ್ತಕದಲ್ಲಿ ನಾವು ಓದಿದ ಸ್ಮುರ್ನವೇ ಅದು. ಈಗ ತುರ್ಕಿಯ ಇಜ್ಮೀರ್. 1922ರ ಸೆಪ್ಟೆಂಬರಿನಲ್ಲಿ ಆ ಪಟ್ಟಣದ ಬಹುಭಾಗವು ಬೆಂಕಿಗೆ ಆಹುತಿಯಾಯಿತು. ಅಜ್ಜಿಯು ಬಾಣಲೆಯೊಂದನ್ನೇ ಹಿಡಿದು ಹಡಗು ಹತ್ತಿದಳಂತೆ. ಮರುವರುಷ ಲೋಸಾನಿನಲ್ಲಿ ಆದ ಒಪ್ಪಂದದಂತೆ ಭಾಷೆಯನ್ನು ನೋಡದೆ ಮತವನ್ನು ಮಾತ್ರ ನೋಡಿ ಜನರನ್ನು ಅದಲುಬದಲು ಮಾಡಿದರು. ಹೀಗೆ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಸೇರಿದರು. ಸುಮಾರು 4 ಲಕ್ಷ ಮುಸಲ್ಮಾನರು ತುರ್ಕಿಗೆ ಹೋಗಬೇಕಾಯಿತು. ಎರಡು ಕಡೆಯಲ್ಲಿಯೂ ಮನೆಗಳು ಹಾಳುಬಿದ್ದವು, ಗೋರಿಗಳು ಅನಾಥವಾದವು.

ಬಂದವರನ್ನು ಗ್ರೀಸಿನವರೆಲ್ಲರೂ ಆದರಿಸಲಿಲ್ಲ. ಅವರ ನಡೆನುಡಿಯನ್ನು ಹಳಿದು "ತುರ್ಕಬೀಜ" ಎಂದು ಕರೆದವರುಂಟು. ಅವರ ಅಡಿಗೆಯ ಮಸಾಲೆಯ ವಾಸನೆಯೂ ಕೆಲವರಿಗೆ ಹಾಸ್ಯದ ವಿಷಯವಾಗಿತ್ತಂತೆ.

ಆದರೆ ಅಂದು ನಮ್ಮ ಮೇಜಿನ ಮೇಲೆ ಬಂದದ್ದೇನು? ಜೀರಿಗೆ ಬೆಳ್ಳುಳ್ಳಿ ಹಾಕಿದ ಕೈಮದ ಉಂಡೆಗಳನ್ನು ಟೊಮೇಟೊ ಸಾರಿನಲ್ಲಿ ಬೇಯಿಸಿದ ಸುಜುಕಾಕ್ಯ, ಅದೂ ಸ್ಮುರ್ನದ ಹೆಸರಿನದೇ. ದ್ರಾಕ್ಷಿಯೆಲೆಯಲ್ಲಿ ಅನ್ನವನ್ನು ಸುತ್ತಿದ ದೊಲ್ಮಾದೆಸ್. ಅದರ ಮೂಲವಾದ ತುರ್ಕಿಪದಕ್ಕೆ ತುಂಬಿದ್ದು ಎಂದರ್ಥ. ಈರುಳ್ಳಿ ತುಂಬಿದ ಬದನೆಕಾಯಿಗೆ "ಇಮಾಮನು ಮೂರ್ಛೆಹೋದನು" ಎಂಬ ತುರ್ಕಿ ಹೆಸರೇ ಇಂದಿಗೂ ನಿಂತಿದೆ. ಕೊನೆಗೆ ಬಂದ ಹಲ್ವವನ್ನು ಕಂಡು ನಾವು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅದು ನಮ್ಮ ಸಜ್ಜಿಗೆಯ ಸೋದರಿಯೇ. ಅದರ ಅಳತೆಯನ್ನು ಮೊಮ್ಮಗಳು ಬೆರಳೆಣಿಸಿ ಹೇಳಿಕೊಟ್ಟಳು: ಎಣ್ಣೆ 1, ರವೆ 2, ಸಕ್ಕರೆ 3, ನೀರು 4. ರವೆಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಪಾಕವನ್ನು ಸುರಿಯಬೇಕು. ಆಲಿವ್ ಎಣ್ಣೆಗೆ ಬದಲಾಗಿ ತುಪ್ಪ ಹಾಕಿದರೆ ನಮ್ಮ ಮನೆಯ ವಾಸನೆಯೇ ಏಳುವುದು.

ಹಳಿಸಿಕೊಂಡವರು ತಂದ ಈ ಊಟವನ್ನೇ ಈಗ ಗ್ರೀಸಿನ ಸಂಪ್ರದಾಯದ ಊಟವೆಂದು ಹೊಗಳಿ ದೇಶದೇಶದವರು ಉಣ್ಣುತ್ತಾರೆ. ಆ ನಿರಾಶ್ರಿತರ ಕೇರಿಗಳಲ್ಲಿ ಬೆಳೆದ ರೆಬೆತಿಕೊ ಎಂಬ ಹಾಡುಗಳನ್ನು ಯುನೆಸ್ಕೋ ಸಂಸ್ಥೆಯು 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀಕ್ ಭಾಷೆಯಲ್ಲಿ ಕ್ಸೆನೊಸ್ ಎಂಬ ಒಂದೇ ಪದಕ್ಕೆ ಪರಕೀಯನೆಂದೂ ಅತಿಥಿಯೆಂದೂ ಎರಡರ್ಥ. ಪದವು ಪ್ರಾಚೀನವಾದದ್ದು, ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ಬರಲು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಪ್ರಯಾಸಪಡಬೇಕಾಗಿದೆ.

ಪ್ರಿಯ ಸೋದರಿಯರೇ, ನಮ್ಮ ವಸತಿಗೃಹಕ್ಕೂ ವರುಷವರುಷವೂ ದೂರದೂರುಗಳ ಹುಡುಗಿಯರು ಬರುತ್ತಾರೆ. ಅವರ ಉಚ್ಚಾರಣೆ ಬೇರೆ, ಬುತ್ತಿಯ ವಾಸನೆ ಬೇರೆ. ನಗುವುದು ಸುಲಭ. ಅದಕ್ಕೆ ಮುಂಚೆ ಆ ಬುತ್ತಿಯಿಂದ ಒಂದು ತುತ್ತನ್ನು ಕೇಳಿ ತಿನ್ನಿರಿ.