ಸಪ್ತಗಿರಿಯ ಸಂಕಲ್ಪ

ತಿರುಪತಿಯಾತ್ರೆಯನ್ನು ಸಂಕಲ್ಪಿಸಿದ ಗೃಹಸ್ಥನು ಪಂಚಾಂಗವನ್ನು ಬಿಡಿಸಿ ತಿಥಿನಕ್ಷತ್ರಗಳನ್ನು ನೋಡುತ್ತಿದ್ದ ಕಾಲವೊಂದಿತ್ತು. ಈಗಲಾದರೋ 300 ರೂಪಾಯಿಯ ದರ್ಶನದ ಟಿಕೆಟ್ಟು ಮೊಬೈಲಿನಲ್ಲಿ ಯಾವ ಗಳಿಗೆಗೆ ತೆರೆಯುವುದೋ ಆ ಗಳಿಗೆಯೇ ಶುಭಮುಹೂರ್ತವಾಗಿ, ಮನೆಮಂದಿಯೆಲ್ಲ ಆಧಾರ್ ಸಂಖ್ಯೆಗಳನ್ನು ಮಂತ್ರದಂತೆ ಜಪಿಸುತ್ತ ಕುಳಿತಿರುತ್ತಾರೆ. ದಿನ ಗೊತ್ತಾಯಿತೆಂದರೆ ಬೆಟ್ಟವೇರುವ ಮಾರ್ಗದ ಜಿಜ್ಞಾಸೆ. ಶ್ರೀವಾರಿ ಮೆಟ್ಟಿನ ದಾರಿಯೇ ಹತ್ತಿರವೆಂದು ತರುಣರು ವಾದಿಸಲಿ. ಅಲಿಪಿರಿಯಿಂದ ಹೊರಟು, ಸುಮಾರು 3,550 ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಬಾಗಿ ಅರಿಸಿನಕುಂಕುಮವಿಡುವ ಹೆಂಗಸರ ಹಿಂದೆ ನಿಧಾನವಾಗಿ ನಡೆದು, ಮೋಕಾಳ್ಳ ಪರ್ವತವೆಂಬ ಕಡಿದಾದ ಏರಿನಲ್ಲಿ ಗೋವಿಂದನಾಮವೂ ಏದುಸಿರೂ ಬೇರೆಬೇರೆಯಾಗಿ ಉಳಿಯದಂತಾಗುವ ಆ ಸುಖವನ್ನು ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ. ಮೇಲೆ, ಮಹಾದ್ವಾರವನ್ನು ದಾಟಿದೊಡನೆ, ಶ್ರೀಕೃಷ್ಣದೇವರಾಯನು ರಾಣಿಯರಾದ ತಿರುಮಲದೇವಿ ಚಿನ್ನಾದೇವಿಯರೊಡನೆ ಲೋಹಮೂರ್ತಿಯಾಗಿ ಕೈಮುಗಿದು ನಿಂತಿದ್ದಾನೆ. ಸಾಲಿನ ನೂಕಾಟದಲ್ಲಿ ಆತನತ್ತ ಕಣ್ಣು ಹಾಯಿಸುವವರು ವಿರಳ. ಇನ್ನೊಂದು ಮಾತು: ಸ್ವಾಮಿಪುಷ್ಕರಿಣಿಯ ದಡದ ವರಾಹಸ್ವಾಮಿಯನ್ನು ಮೊದಲು ಕಂಡು ಆಮೇಲೆ ಶ್ರೀನಿವಾಸನ ಸನ್ನಿಧಿಗೆ ಹೋಗುವುದು ಅಲ್ಲಿಯ ಸಂಪ್ರದಾಯ. ನಮ್ಮ ಯಾತ್ರಾಪಟ್ಟಿಗಳಲ್ಲಿ ನೆರೆಮನೆಯವರಿಗೆ ಹಂಚತಕ್ಕ ಲಡ್ಡುಗಳ ಲೆಕ್ಕವಿರುತ್ತದೆ, ಹಿಂದಿರುಗುವ ಬಸ್ಸಿನ ವೇಳೆಯಿರುತ್ತದೆ. ಕ್ಷೇತ್ರಕ್ಕೆ ಮೂಲದವನಾದ ಆ ವರಾಹದೇವನ ಹೆಸರು ಮಾತ್ರ ಬಹುತೇಕ ಬಿಟ್ಟುಹೋಗಿರುತ್ತದೆ.