ಗೆದ್ದವರ ಕರಾರು

ಮತ್ತಿಗಿರಿ

ಪ್ರೀತಿಯ ಪುಟ್ಟಿ,

ಇರಾಕಿನ ಬಗ್ಗೆ ನೀನು ಬರೆದ ಪ್ರಬಂಧ ಓದಿದೆ. 2003ರ ಮೇ ತಿಂಗಳಲ್ಲಿ, ದೇಶವನ್ನು ಗೆದ್ದ ಅಮೆರಿಕದವರು ಅಲ್ಲಿ ಅದುವರೆಗೆ ಆಳಿದ್ದ ಬಾತ್ ಪಕ್ಷದ ಹಿರಿಯರನ್ನು ಸರ್ಕಾರಿ ಕೆಲಸದಿಂದ ಕಿತ್ತರು, ವಾರ ಕಳೆಯುವಷ್ಟರಲ್ಲಿ ಸೈನ್ಯವನ್ನೇ ವಿಸರ್ಜಿಸಿದರು. ದೇಶ ಕುಸಿದದ್ದು ಅಲ್ಲಿಂದಲೇ ಅಂತೀಯ. ಹಳಬರನ್ನು ಉಳಿಸಿಕೊಂಡಿದ್ದರೆ ಸಾಕಿತ್ತು ಅನ್ನೋದು ನಿನ್ನ ತೀರ್ಪು. ಅರ್ಧ ಒಪ್ತೀನಿ. ಮಿಕ್ಕರ್ಧಕ್ಕೆ ನಮ್ಮ ಸೀಮೆಯನ್ನೇ ಸಾಕ್ಷಿಗೆ ಕರೀತೀನಿ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಕೃಷ್ಣಗಿರಿ ಸೇರಿದ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಯುದ್ಧ ಮಾಡಿದ ಅಧಿಕಾರಿಗಳೇ ಕಂದಾಯಕ್ಕೂ ಕೂತರು: ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೊ. ಹೊಲ ಅಳೆದು ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ಬೆಳೆದದ್ದು ಹಾಗೆ. ನಮ್ಮ ಹೊಸೂರು ಸೀಮೆ 1799ರಲ್ಲಿ, ಟಿಪ್ಪು ಮಡಿದ ಮೇಲೆ, ಕಂಪನಿಯ ಪಾಲಾಯಿತು.

ಅದೇ ವರ್ಷ ಮೈಸೂರಲ್ಲಿ ಬೇರೆ ದಾರಿ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ, ದಿವಾನಗಿರಿ ಪೂರ್ಣಯ್ಯನವರಿಗೆ. ಟಿಪ್ಪುವನ್ನು ಕ್ರೂರಿ ಅಂತ ಸಾರಿದವರೇ ಅವನ ಮಂತ್ರಿಯನ್ನು ಉಳಿಸಿಕೊಂಡರು! ಲೆಕ್ಕ, ಆದಾಯ, ಅಮಲ್ದಾರರು ಎಲ್ಲ ಪೂರ್ಣಯ್ಯನವರಿಗೆ ಗೊತ್ತಿತ್ತು. 1811ರವರೆಗೆ ರಾಜ್ಯ ನಡೆಸಿದರು. ನೀನು ಬಾಗ್ದಾದಿಗೆ ಬಯಸಿದ್ದು ಇದೇ ತಾನೆ?

ಆದರೆ ಕಂಪನಿ ಮೈಸೂರಿನ ಜೊತೆ ಮಾಡಿಕೊಂಡ 1799ರ ಒಪ್ಪಂದ ಓದು. ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕು. ನಾಲ್ಕು, ಐದನೇ ಕಲಮಿನ ಪ್ರಕಾರ, ಆ ಹಣಕ್ಕೆ ಸಂಚಕಾರ ಅನ್ನಿಸಿದರೆ ಗವರ್ನರ್ ಜನರಲ್ ಆಡಳಿತವನ್ನೇ ಕೈಗೆ ತಗೋಬಹುದು. ಸಂಚಕಾರ ಬಂತೋ ಇಲ್ಲವೋ ಅಂತ ತೀರ್ಮಾನಿಸೋನೂ ಅವನೇ. 1831ರಲ್ಲಿ, ನಗರ ಸೀಮೆಯ ರೈತರ ದಂಗೆಯ ಬೆನ್ನಿಗೆ, ಗವರ್ನರ್ ಜನರಲ್ ಬೆಂಟಿಂಕ್ ಈ ಕಲಮುಗಳನ್ನೇ ಹಿಡಿದು ರಾಜ್ಯ ತಗೊಂಡ. ವಾಪಸ್ ಬಂದದ್ದು 1881ರಲ್ಲಿ. ಅಷ್ಟರಲ್ಲಿ ಮುಮ್ಮಡಿಯವರು ತೀರಿಹೋಗಿದ್ದರು.

ಈಗ ಇರಾಕಿಗೆ ಮರಳೋಣ. 1907ರ ಹೇಗ್ ನಿಯಮಾವಳಿಯ 43ನೇ ವಿಧಿ, ಗೆದ್ದವನು ತೀರಾ ಅನಿವಾರ್ಯವಲ್ಲದೆ ಆ ನೆಲದ ಕಾನೂನು ಬದಲಿಸಬಾರದು ಅನ್ನುತ್ತದೆ. ಸರಿ, ಅನಿವಾರ್ಯವೋ ಅಲ್ಲವೋ ಅಂತ ಹೇಳೋರು ಯಾರು? ಭದ್ರತಾ ಮಂಡಳಿಯ 1483ನೇ ನಿರ್ಣಯ ಅಮೆರಿಕ, ಬ್ರಿಟನ್‌ಗಳನ್ನು ಆಕ್ರಮಿಸಿಕೊಂಡ ಶಕ್ತಿಗಳೆಂದು ಗುರುತಿಸಿತು, ಅವರು ಆಡಳಿತ ಬಿಟ್ಟುಕೊಡುವ ದಿನ ಬರೆಯಲಿಲ್ಲ. 2004ರ 1546ನೇ ನಿರ್ಣಯ ಅದಕ್ಕೆ ಜೂನ್ 30 ಅಂತ ದಿನ ನಮೂದಿಸಿತು. ನನಗೆ ಮುಖ್ಯವಾಗಿ ಕಾಣೋದು ಈ ವ್ಯತ್ಯಾಸ. ಹಳಬರು ಆಡಳಿತ ನಡೆಸಿಯಾರು. ವಾಪಸ್ ಕಸಿಯುವ ಹಕ್ಕು ಗೆದ್ದವನ ಜೇಬಲ್ಲಿದ್ದರೆ ಅದು ಅವನ ರಾಜ್ಯವೇ.

ಮುಂದಿನ ಕರಡಲ್ಲಿ ಪೂರ್ಣಯ್ಯನವರಿಗೆ ಒಂದು ಪುಟ ಕೊಡು, ಆ ಎರಡು ಕಲಮಿಗೆ ಎರಡು. ಹಬ್ಬಕ್ಕೆ ಬರುವಾಗ ತಾ, ಕೂತು ಜಗಳ ಆಡೋಣ.

ನಿನ್ನ
ಸೋದರಮಾವ