ಮೈಸೂರು, ಮಸಾಲೆ ಮತ್ತು ಒಂದು ಮ್ಯಾಟಿನಿ

ಮೈಸೂರಿಗೆ ಹೋದವರೆಲ್ಲ ಅರಮನೆ ನೋಡ್ತಾರೆ, ಝೂ ನೋಡ್ತಾರೆ, ಬಸ್ಸು ಹತ್ತುತ್ತಾರೆ. ಇಷ್ಟೇನಾ ಮೈಸೂರು? ಅಲ್ಲ ಸ್ವಾಮೀ! ಕಳೆದ ತಿಂಗಳು ಒಂದು ಭಾನುವಾರ ನಮ್ಮಪ್ಪನನ್ನು ಕರೆದುಕೊಂಡು ಹೊರಟೆ. ನಂಜನಗೂಡಿನಿಂದ ವೀಳ್ಯದೆಲೆ ತಂದು ದೇವರಾಜ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಮಾರಿದ ಮನುಷ್ಯ. ಈಗ ಮಂಡಿ ನೋವು, ವ್ಯಾಪಾರ ಬಿಟ್ಟು ಮನೆಯಲ್ಲೇ ಇದ್ದಾರೆ.

ಬೆಳಿಗ್ಗೆ ನೇರವಾಗಿ ನಜರ್‌ಬಾದ್‌ಗೆ. ಅಲ್ಲಿ ಮೈಲಾರಿ ಹೆಸರಿನ ಹೋಟೆಲು ಎರಡಿವೆ. ಅಸಲಿ ಯಾವುದು ಅಂತ ಮೈಸೂರಿನವರನ್ನು ಕೇಳಬೇಡಿ, ಮಧ್ಯಾಹ್ನ ಆಗಿಹೋಗುತ್ತೆ! ಗರಿಗರಿ ದೋಸೆಯ ಆಸೆ ಇದ್ದವರಿಗೆ ಇದು ಜಾಗವಲ್ಲ. ಇಲ್ಲಿಯದು ಹತ್ತಿಯಂಥ ಮೆತ್ತನೆ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಅಪ್ಪ ಎರಡು ತಿಂದು, ಮೂರನೆಯದಕ್ಕೆ ನನ್ನ ಮುಖ ನೋಡಿದರು. ‘ತಗೋ ಅಪ್ಪಾ, ಲೇಖನದ ದುಡ್ಡು ಬಂದಿದೆ’ ಅಂದೆ.

ಅಲ್ಲಿಂದ ಮಾರ್ಕೆಟ್ಟು. ಮಲ್ಲಿಗೆ ಮೊಳದ ಕೂಗು, ಕುಂಕುಮದ ಗೋಪುರಗಳು, ರಸಬಾಳೆ ಗೊನೆಗಳು. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನುವ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಅಪ್ಪ ತಾವು ಕೂರುತ್ತಿದ್ದ ಜಾಗದ ಮುಂದೆ ಸುಮ್ಮನೆ ನಿಂತರು. ಅಲ್ಲಿ ಬೇರೆ ಯಾರೋ ಎಲೆ ಜೋಡಿಸುತ್ತಿದ್ದರು.

ಮಾರ್ಕೆಟ್ಟಿಗೆ ಅಂಟಿಕೊಂಡೇ, ಸಯ್ಯಾಜಿರಾವ್ ರಸ್ತೆಯಲ್ಲಿ ಗುರು ಸ್ವೀಟ್ಸ್. ಮೈಸೂರು ಪಾಕನ್ನು ಅರಮನೆ ಅಡುಗೆಮನೆಯಲ್ಲಿ ಮೊದಲು ಮಾಡಿದವರು ಕಾಕಾಸುರ ಮಾದಪ್ಪ ಅಂತಾರಲ್ಲ, ಅವರ ವಂಶದವರ ಅಂಗಡಿ. ಬಾಯಲ್ಲಿಟ್ಟರೆ ಕರಗುವ ತುಪ್ಪದ ಸರಕು. ಅಮ್ಮನಿಗೆ ಅಂತ ಕಾಲು ಕೇಜಿ ಕಟ್ಟಿಸಿದೆ.

ಸಂಜೆ ಚಾಮುಂಡಿ ಬೆಟ್ಟ. ಕಾಲು ಗಟ್ಟಿ ಇದ್ದವರು ಸಾವಿರ ಮೆಟ್ಟಿಲು ಹತ್ತಿ, ದಾರಿಯಲ್ಲಿ ದೊಡ್ಡ ನಂದಿಗೆ ಕೈಮುಗಿಯಬಹುದು. ನಾವು ಸಿಟಿ ಬಸ್ಸಿನಲ್ಲೇ ಹೋದೆವು. ಏಳು ಗಂಟೆಗೆ ಕೆಳಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡವು. ಭಾನುವಾರ ಇದೊಂದು ನೋಟಕ್ಕಾಗಿಯೇ ಬರಬೇಕು!

‘ಶಾಂತಲಾ ಟಾಕೀಸು ಯಾವ ಕಡೆ ಬರುತ್ತೆ?’ ಅಂತ ಅಪ್ಪ ಕೇಳಿದರು.

ನನ್ನ ಎದೆ ಧಸಕ್ಕೆಂದಿತು. ಹತ್ತು ವರ್ಷದ ಹಿಂದೆ, ಎಲೆ ಮಾರಿ ಕೊಟ್ಟ ಪರೀಕ್ಷೆ ಫೀಸಿನ ದುಡ್ಡಿನಲ್ಲಿ ಅಲ್ಲಿ ಮ್ಯಾಟಿನಿ ನೋಡಿದ್ದೆ. ಚಿತ್ರದ ಹೆಸರು ಬೇಡ, ಅಭಿಮಾನಿಗಳು ಜಗಳಕ್ಕೆ ಬಂದಾರು! ಉಳಿದದ್ದು ಗೆಳೆಯರ ಪಾಲಾಯಿತು. ಫೀಸು ಕಟ್ಟಲಿಲ್ಲ, ಪರೀಕ್ಷೆಗೆ ಕೂರಲಿಲ್ಲ, ಪಿಯುಸಿ ಅಲ್ಲಿಗೇ ಮುಗಿಯಿತು. ‘ಓದು ತಲೆಗೆ ಹತ್ತಲಿಲ್ಲ’ ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ.

‘ಮುಚ್ಚಿಬಿಟ್ರಪ್ಪಾ, 2020ರಲ್ಲಿ,’ ಅಂದೆ. ಆಮೇಲೆ ಎಲ್ಲಾ ಹೇಳಿಬಿಟ್ಟೆ.

ಅಪ್ಪ ದೀಪಗಳನ್ನೇ ನೋಡುತ್ತಾ ಅಂದರು: ‘ಗೊತ್ತಿತ್ತು ಕಣ್ಲಾ. ಅವತ್ತು ನಾನೂ ಬಾಲ್ಕನೀಲಿದ್ದೆ. ಇಂಟರ್‌ವಲ್‌ನಲ್ಲಿ ನೀನು ಬೋಂಡಾ ತಿಂತಾ ನಿಂತಿದ್ದೆ. ಅಂಗಡಿ ಪಕ್ಕದವನಿಗೆ ವಹಿಸಿ ಬಂದಿದ್ದೆ ನಾನು, ಯಾವ ಮುಖದಲ್ಲಿ ಬೈಯಲಿ? ಕಂಬದ ಹಿಂದೆ ನಿಂತ್ಕಂಡೆ. ಅವತ್ತೇ ಕಿವಿ ಹಿಂಡಿದ್ರೆ ನೀನು ಪಾಸಾಗ್ತಿದ್ದೆ. ಅದೊಂದು ಇಷ್ಟು ವರ್ಷ ಕೊರೀತಾ ಇತ್ತು.’

ನನಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಬೆಟ್ಟ ಇಳಿಯುವ ಬಸ್ಸು ಬಂತು. ಸೀಟು ಸಿಕ್ಕಿತು. ಅಪ್ಪ ಮೆಲ್ಲಗೆ ಚೀಲಕ್ಕೆ ಕೈಹಾಕಿ ಮೈಸೂರು ಪಾಕಿನ ಪೊಟ್ಟಣ ಬಿಚ್ಚಿ, ದೊಡ್ಡ ತುಂಡು ನನ್ನ ಕೈಗಿಟ್ಟರು.

‘ಅಮ್ಮನಿಗೆ ಹೇಳ್ಬೇಡ’ ಅಂದರು.